ಕ್ಲಾರಾ ಬೋ ಕಣ್ಣು ಕಾಣಬೇಕು: ಮೂಕಿ ಪ್ರಣಯ ಹಾಸ್ಯಗಳನ್ನು ಕನ್ನಡದವರಿಗೆ ತೋರಿಸುವ ಬಗೆ

ಹಾಲಿವುಡ್‌ನ 1920ರ ದಶಕದ ಪ್ರಣಯ ಹಾಸ್ಯಚಿತ್ರ ನೋಡಿ ಯಾರಾದರೂ "ಇವರೆಲ್ಲ ಯಾಕೆ ಹೀಗೆ ಪಟಪಟ ಓಡಾಡ್ತಾರೆ?" ಎಂದು ಕೇಳಿದರೆ ತಪ್ಪು ಚಿತ್ರದ್ದಲ್ಲ, ತೋರಿಸಿದವರದ್ದು. ಮೂಕಿ ಎಂದರೆ ಬೀಳುವುದು, ಏಳುವುದು, ಅಟ್ಟಿಸಿಕೊಂಡು ಹೋಗುವುದು ಎಂದೇ ನಮ್ಮಲ್ಲಿ ಬಹಳ ಜನರ ಲೆಕ್ಕ. ಫ್ಲ್ಯಾಪರ್, ಅಂದರೆ ಆ ದಶಕದ ಹೊಸಗಾಲದ ಹುಡುಗಿ, ನಾಯಕಿಯಾಗಿರುವ ಚಿತ್ರಗಳ ಸೊಗಸು ಅದರಲ್ಲಿಲ್ಲ. ಕುತ್ತಿಗೆ ಮಟ್ಟಕ್ಕೆ ಕತ್ತರಿಸಿದ ಕೂದಲು, ಕಿವಿ ಮುಚ್ಚುವ ಕ್ಲೋಶ್ ಟೋಪಿ, ಮೊಣಕಾಲಿನವರೆಗಿನ ಲಂಗ, ಸ್ವಂತ ಸಂಬಳ. ಇಷ್ಟಿರುವ ಹುಡುಗಿ ತನಗೆ ಬೇಕಾದವನನ್ನು ತಾನೇ ಆರಿಸಿಕೊಳ್ಳುತ್ತಾಳೆ, ಆ ಆಯ್ಕೆ ಅವಳ ಕಣ್ಣಿನಲ್ಲಿ ನಡೆಯುತ್ತದೆ. 1927ರ ‘ಇಟ್’ ಚಿತ್ರದಲ್ಲಿ ಅಂಗಡಿಯ ಕೆಲಸದ ಹುಡುಗಿ ಬೆಟ್ಟಿ ಲೂ ತನ್ನ ಯಜಮಾನ ಸೈರಸ್ ವಾಲ್ಥಮ್‌ನನ್ನು ಕಾಣುವ ಗಳಿಗೆಯಲ್ಲಿ, ಆ ಪಾತ್ರದ ನಟಿ ಕ್ಲಾರಾ ಬೋ ಮುಖದ ಮೇಲೆ ಆಸೆ, ತುಂಟತನ, ಲೆಕ್ಕಾಚಾರ ಒಂದರ ಹಿಂದೊಂದು ಹಾದುಹೋಗುತ್ತವೆ. ವೇಗ ತಪ್ಪಿದರೆ, ಪ್ರಿಂಟ್ ಮಸುಕಾದರೆ, ಸಬ್‌ಟೈಟಲ್ ಅಕ್ಷರ ಮುಖದ ಮೇಲೆ ಬಿದ್ದರೆ ಇವು ಹೋಗುತ್ತವೆ. ನಾನು ಮಾಡುವ ತಯಾರಿಯೆಲ್ಲ ಈ ಮುಖವನ್ನು ಉಳಿಸಿಕೊಳ್ಳುವುದಕ್ಕೇ.

ಮೊದಲು ಪ್ರತಿಯ ಆಯ್ಕೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಎಷ್ಟೋ ಫೈಲುಗಳು 16 ಎಂಎಂ ಪ್ರಿಂಟಿನ ನಕಲಿನ ನಕಲು. ಒಂದು ಕ್ಲೋಸಪ್‌ನಲ್ಲಿ ನಿಲ್ಲಿಸಿ ನೋಡುತ್ತೇನೆ: ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣಬೇಕು, ಕೆನ್ನೆ ಬರೀ ಬಿಳಿ ತೇಪೆಯಾಗಿರಬಾರದು. ಆ ಕಾಲದ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ತುಟಿ ಕಪ್ಪಾಗಿ, ನೀಲಿ ಕಣ್ಣು ಬಿಳಿಚಿಕೊಂಡು ಬರುತ್ತಿತ್ತು. 1920ರ ದಶಕದ ಕೊನೆಗೆ ಎಲ್ಲ ಬಣ್ಣವನ್ನೂ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಂದು ಇದು ಸುಧಾರಿಸಿತು. ನಕಲು ಕೆಟ್ಟಷ್ಟೂ ಕಾಂಟ್ರಾಸ್ಟ್ ಏರುತ್ತದೆ, ಕಣ್ಣು ತೂತಿನ ಹಾಗೆ ಕಾಣುತ್ತದೆ. ಇದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಸರಿಮಾಡಲಾರದು, ಬೇರೆ ಪ್ರತಿ ಹುಡುಕುವುದೇ ಸರಿ.

ಹಕ್ಕಿನ ವಿಚಾರ ಚಿಕ್ಕದು. ನಮ್ಮ ಕಾನೂನಿನಲ್ಲಿ ಸಿನಿಮಾದ ಕಾಪಿರೈಟ್ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ಅಮೆರಿಕದಲ್ಲಿಯೂ 1927ರ ಚಿತ್ರಗಳು 2023ರ ಜನವರಿ 1ಕ್ಕೆ ಸಾರ್ವಜನಿಕವಾದವು. ಆದರೆ ಡಿವಿಡಿಯಲ್ಲಿ ಹೊಸದಾಗಿ ಸೇರಿಸಿದ ಸಂಗೀತಕ್ಕೆ ಬೇರೆಯದೇ ಹಕ್ಕಿರುತ್ತದೆ. ಊರ ಸಭಾಂಗಣದಲ್ಲಿ ತೋರಿಸುವಾಗ ಆ ದನಿಯನ್ನು ತೆಗೆದು ನಮ್ಮದನ್ನು ಹಾಕುವುದು ಕ್ಷೇಮ.

ಈಗ ವೇಗ. ಹೆಚ್ಚು ಜನ ಎಡವುವುದು ಇಲ್ಲೇ. 35 ಎಂಎಂ ಫಿಲ್ಮಿನಲ್ಲಿ ಅಡಿಗೆ 16 ಫ್ರೇಮ್, ಅಂದರೆ ಬಿಡಿ ಚಿತ್ರ. ಸಾವಿರ ಅಡಿಯ ಒಂದು ರೀಲು ಸೆಕೆಂಡಿಗೆ 24 ಫ್ರೇಮ್‌ನಂತೆ ಓಡಿದರೆ ಸುಮಾರು 11 ನಿಮಿಷ, 20ರಂತೆ 13 ನಿಮಿಷ ಚಿಲ್ಲರೆ, 16ರಂತೆ 16 ನಿಮಿಷ 40 ಸೆಕೆಂಡು. ಮೂಕಿಗಳಿಗೆ ಒಂದೇ ವೇಗ ಎಂಬುದಿರಲಿಲ್ಲ. 1919ರ ಜರ್ಮನ್ ಹಾಸ್ಯ ‘ದಿ ಆಯ್ಸ್ಟರ್ ಪ್ರಿನ್ಸೆಸ್’ 24ರಲ್ಲಿ ಓಡಿದರೆ ನಾಯಕಿ ಓಸ್ಸಿ ಓಸ್ವಾಲ್ಡಾ ಕೀಲಿ ಕೊಟ್ಟ ಬೊಂಬೆಯಾಗುತ್ತಾಳೆ. ಅದನ್ನು 18-20ರ ಆಸುಪಾಸಿನಲ್ಲಿ ನೋಡಬೇಕು. ‘ಇಟ್’ 1927ರದ್ದು, 24ರಲ್ಲಿ ಸುಮಾರು 72 ನಿಮಿಷ, ಆ ಚುರುಕೇ ಅದಕ್ಕೆ ಒಪ್ಪುತ್ತದೆ. ಮೂಕಿ ಎಂದರೆ ನಿಧಾನ ಮಾಡಲೇಬೇಕು ಎಂದು ಇದನ್ನು 18ಕ್ಕೆ ಇಳಿಸಿದರೆ ಎಲ್ಲರೂ ನೀರಿನೊಳಗೆ ನಡೆದಂತಿರುತ್ತದೆ.

ಫೈಲು ಯಾವ ವೇಗದಿಂದ ಬಂದದ್ದು ಎಂದು ತಿಳಿಯಲು ವಿಎಲ್‌ಸಿ ಪ್ಲೇಯರಿನಲ್ಲಿ ‘E’ ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮ್ ಸರಿಸಿ. 24 ಫ್ರೇಮಿನ ಫೈಲಿನಲ್ಲಿ ಪ್ರತಿ ನಾಲ್ಕನೆಯ ಫ್ರೇಮ್ ಹಿಂದಿನದರ ಪುನರಾವರ್ತನೆಯಾಗಿದ್ದರೆ ಮೂಲವನ್ನು 18ಕ್ಕೆ ಹೊಂದಿಸಿದ್ದಾರೆ. ಪ್ರತಿ ಆರನೆಯದಾದರೆ 20ಕ್ಕೆ. ಹಾಗಿದ್ದರೆ ಮುಟ್ಟಬೇಡಿ, ಮತ್ತೆ ನಿಧಾನಿಸಿದರೆ ಎರಡು ಸಲ ನಿಧಾನಿಸಿದಂತಾಗುತ್ತದೆ. ಪುನರಾವರ್ತನೆ ಇಲ್ಲದೆಯೂ ಓಟ ಅತಿಯೆನಿಸಿದರೆ 20ಕ್ಕೆ ಇಳಿಸಲು ಓಡುವ ವೇಗಕ್ಕೆ 0.83ರ ಗುಣಕ ಸಾಕು. ಹಳೆಯ ಡಿವಿಡಿಯಿಂದ ಬಂದ, ಸೆಕೆಂಡಿಗೆ 29.97 ಫ್ರೇಮಿನ ಫೈಲಿನಲ್ಲಿ ಐದು ಫ್ರೇಮಿಗೆ ಒಂದೆರಡು ಬಾಚಣಿಗೆ ಹಲ್ಲಿನಂಥ ಗೆರೆ ಬಿದ್ದಿರುವುದು ಮಾಮೂಲು, ಅದರಿಂದ ಏನೂ ತೀರ್ಮಾನಿಸಬೇಡಿ.

ಕಣ್ಣಳತೆಯಲ್ಲಿ ಪರೀಕ್ಷಿಸುವಾಗ ನಡಿಗೆಯನ್ನು ನಂಬಬೇಡಿ. ಓಟದ ದೃಶ್ಯಗಳಲ್ಲಿ ಕ್ಯಾಮೆರಾದ ಹಿಡಿಯನ್ನು ಬೇಕೆಂದೇ ನಿಧಾನ ತಿರುಗಿಸಿ ಪರದೆಯ ಮೇಲಿನ ವೇಗ ಹೆಚ್ಚಿಸುತ್ತಿದ್ದರು. ನಾನು ನೋಡುವುದು ಕೆಳಗೆ ಬೀಳುವ ವಸ್ತು, ತಿರುಗಿದಾಗ ಲಂಗ ಹಿಂದಕ್ಕೆ ಬಂದು ನಿಲ್ಲುವ ಬಗೆ, ಕ್ಲೋಸಪ್ಪಿನಲ್ಲಿ ಕಣ್ಣು ಮಿಟುಕಿಸುವುದು. ನೆಲದ ಸೆಳೆತ ಹಾಸ್ಯ ಮಾಡುವುದಿಲ್ಲ.

ಪ್ರೊಜೆಕ್ಟರಿನಲ್ಲಿ ಮೂರು ಕೆಲಸ. ಚಿತ್ರದ ಆಕಾರ 4:3ಕ್ಕೆ ಇರಲಿ; ‘ಜೂಮ್’ ಹಾಕಿದರೆ ಮೊದಲು ಹೋಗುವುದು ಟೋಪಿ, ಆಮೇಲೆ ಹಣೆ. ಹತ್ತು ಅಡಿ ಅಗಲದ 16:9 ಪರದೆಯಲ್ಲಿ ಚಿತ್ರ ಏಳೂವರೆ ಅಡಿ ಅಗಲಕ್ಕೆ ನಿಲ್ಲುತ್ತದೆ, ಅಕ್ಕಪಕ್ಕದ ಕಪ್ಪನ್ನು ಸಹಿಸಿಕೊಳ್ಳಿ. ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಆಫ್ ಮಾಡಿ, ಇಲ್ಲವಾದರೆ ಪುನರಾವರ್ತಿತ ಫ್ರೇಮುಗಳ ನಡುವೆ ಅದು ಇಲ್ಲದ ಚಿತ್ರ ಹುಟ್ಟಿಸಿ ಮುಖ ಕದಡುತ್ತದೆ. ಬಣ್ಣವನ್ನು ‘ಸಿನಿಮಾ’ ಮೋಡ್‌ಗೆ ಇಡಿ; ‘ವಿವಿಡ್’ನಲ್ಲಿ ಕಪ್ಪುಬಿಳುಪಿಗೆ ಬೇರೆ ಬಣ್ಣದ ಛಾಯೆ ಬರಬಹುದು.

ಕನ್ನಡ ಸಬ್‌ಟೈಟಲ್ ಮಾಡುವುದು ವೇಗ ನಿಗದಿಯಾದ ಮೇಲೆ. ಮೊದಲೇ ಮಾಡಿ ಆಮೇಲೆ 24ರಿಂದ 20ಕ್ಕೆ ಇಳಿಸಿದರೆ ಎಲ್ಲ ಸಮಯಗಳನ್ನೂ 1.2ರಿಂದ ಗುಣಿಸಬೇಕಾಗುತ್ತದೆ. ನಾನು ‘ಸಬ್‌ಟೈಟಲ್ ಎಡಿಟ್’ ತಂತ್ರಾಂಶದಲ್ಲಿ ಬರೆದು, ಕನ್ನಡ ಅಕ್ಷರ ಕೆಡದಂತೆ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಉಳಿಸುತ್ತೇನೆ. ಹೆಚ್ಚೆಂದರೆ ಎರಡು ಸಾಲು, ಸಾಲಿಗೆ ಸುಮಾರು 30 ಅಕ್ಷರ. ಕಾರ್ಡ್, ಅಂದರೆ ಮೂಕಿಯಲ್ಲಿ ಮಾತನ್ನು ಬರೆದು ತೋರಿಸುವ ಫಲಕ, ಮೂಡಿದ ಕಾಲು ಸೆಕೆಂಡಿಗೆ ಸಾಲು ಬರಲಿ, ಕಾರ್ಡಿನ ಜೊತೆಗೇ ಹೋಗಲಿ. ಮುಂದಿನ ಮುಖದ ಮೇಲೆ ಒಂದು ಫ್ರೇಮೂ ಚಾಚಬಾರದು. ಆಡುಮಾತಿನ ಓಟದಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ಮುಗಿಯದಿದ್ದರೆ ಕತ್ತರಿಸುತ್ತೇನೆ. ಗ್ರಾಂಥಿಕ ಭಾಷೆ ಇಲ್ಲಿ ಬೇಡವೇ ಬೇಡ, ಬೆಟ್ಟಿ ಲೂ "ನಾನು ಹೋಗುವೆನು" ಎಂದರೆ ಯಾರೂ ನಗುವುದಿಲ್ಲ.

ತುಟಿ ಅಲುಗಿದಲ್ಲೆಲ್ಲ ಮಾತು ತುಂಬಬೇಡಿ. ಆದರೆ ಕಾರ್ಡುಗಳ ಹೊರಗೂ ಓದುವುದಿರುತ್ತದೆ: ಚೀಟಿ, ಪತ್ರಿಕೆಯ ಪುಟ, ಅಂಗಡಿಯ ಹಲಗೆ. ‘ಇಟ್’ನಲ್ಲಿ ವಾಲ್ಥಮ್‌ನ ಗೆಳೆಯ ಮಾಂಟಿ ಓದುವ, ‘ಇಟ್’ ಎಂಬ ಆಕರ್ಷಣೆಯನ್ನು ವಿವರಿಸುವ ಮಾಸಪತ್ರಿಕೆಯ ಲೇಖನವನ್ನು ಬಿಟ್ಟರೆ ಶೀರ್ಷಿಕೆಯೇ ತಲೆಬುಡವಿಲ್ಲದ್ದಾಗುತ್ತದೆ, ಗೆಳತಿ ಮೋಲಿಯ ಮಗುವನ್ನು ಬೆಟ್ಟಿ ಲೂ ತನ್ನದೆಂದು ಹೇಳಿಕೊಂಡದ್ದು ಪತ್ರಿಕೆಗೆ ಹೋಗುವ ಭಾಗ ತಪ್ಪಿದರೆ ವಾಲ್ಥಮ್ ಯಾಕೆ ದೂರ ಸರಿದ ಎಂದು ತಿಳಿಯುವುದಿಲ್ಲ. (ಆ ಸುದ್ದಿಗಾರನ ಸಣ್ಣ ಪಾತ್ರದಲ್ಲಿ ಇರುವವನು ಗ್ಯಾರಿ ಕೂಪರ್.)

ಕನ್ನಡಕ್ಕೇ ಅಂಟಿದ ತೊಂದರೆ ಒತ್ತಕ್ಷರದ್ದು. ಎಷ್ಟೋ ಟಿವಿಗಳ ಪ್ಲೇಯರ್ ‘ಕ್ಕ’ವನ್ನು ಬಿಡಿಸಿ ತೋರಿಸುತ್ತದೆ, ಇಲ್ಲವೇ ಚೌಕ ಚೌಕ ಬರುತ್ತದೆ. ಹಾಗಾಗಿ ನೋಟೋ ಸ್ಯಾನ್ಸ್ ಕನ್ನಡ ಫಾಂಟಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ತಂತ್ರಾಂಶದ ಮೂಲಕ ಚಿತ್ರಕ್ಕೇ ಅಚ್ಚೊತ್ತಿಬಿಡುತ್ತೇನೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲದಷ್ಟು ಅಂತರ, ತಳದಿಂದ ಶೇಕಡ 8ರಷ್ಟು ಜಾಗ ಬೇಕು. ಮೊದಲು ಎರಡು ನಿಮಿಷದ ತುಣುಕು ಮಾಡಿ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು ಓದಿ. ಅಚ್ಚೊತ್ತಿದ ಮೇಲೆ ಫೈಲು ಸೆಕೆಂಡಿಗೆ 8 ಮೆಗಾಬಿಟ್ ದರದಲ್ಲಿದ್ದರೆ 72 ನಿಮಿಷಕ್ಕೆ 4.3 ಜಿಬಿ ಆಗುತ್ತದೆ. ಫ್ಯಾಟ್-32 ಪೆನ್‌ಡ್ರೈವ್ 4 ಜಿಬಿ ಮೀರಿದ ಫೈಲನ್ನು ಹಿಡಿಸಿಕೊಳ್ಳದು. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಪ್ರೊಜೆಕ್ಟರ್ ಅದನ್ನು ಓದದಿದ್ದರೆ 6 ಮೆಗಾಬಿಟ್‌ಗೆ ಇಳಿಸಿ. ಅದಕ್ಕಿಂತ ಇಳಿಸಿದರೆ ಕೋನಿ ಐಲೆಂಡ್‌ನ ಜಾರುಬಂಡೆ, ತಿರುಗುವ ತಟ್ಟೆಯ ದೃಶ್ಯಗಳು ಚೌಕಚೌಕವಾಗಿ ಒಡೆಯುತ್ತವೆ.

ಸಂಗೀತಕ್ಕೆ ಕೀಬೋರ್ಡಿನ ಪಿಯಾನೋ ದನಿಯೊಂದು ಸಾಕು. ನಮ್ಮ ಥಿಯೇಟರುಗಳಲ್ಲಿ ಮೂಕಿಗೆ ಹಾರ್ಮೋನಿಯಂ, ತಬಲ ನುಡಿಸುತ್ತಿದ್ದರು. ಅದೂ ಹೊಂದುತ್ತದೆ, ನುಡಿಸುವವರು ಪರದೆ ನೋಡಿಕೊಂಡು ನುಡಿಸಿದರೆ. ಪ್ರತಿ ಹೆಜ್ಜೆಗೂ ತಾಳ ಹಾಕಬೇಡಿ ಎಂದು ಮೊದಲೇ ಹೇಳುತ್ತೇನೆ. ಮುತ್ತಿಟ್ಟ ವಾಲ್ಥಮ್‌ಗೆ ಬೆಟ್ಟಿ ಲೂ ಕೆನ್ನೆಗೆ ಬಾರಿಸುವಲ್ಲಿ ಮೂರು ಸೆಕೆಂಡು ಪೂರ್ತಿ ನಿಲ್ಲಿಸಿದರೆ ಸಭೆಯ ನಗುವಿಗೆ ಜಾಗ ಸಿಗುತ್ತದೆ. ಕೆಲಸದ ಉಡುಪನ್ನು ಕತ್ತರಿಯಿಂದ ಕತ್ತರಿಸಿ ರಿಟ್ಜ್ ಹೋಟೆಲಿಗೆ ಹೋಗುವ ಉಡುಪು ಮಾಡುವ ದೃಶ್ಯಕ್ಕೆ ಮಾತ್ರ ಚುರುಕು ಗತ್ತು ಬೇಕು.

ಇದರ ಜೊತೆಗೆ ಚಾಪ್ಲಿನ್ ಕಿರುಚಿತ್ರ ಹಾಕಬೇಡಿ, ಜನ ಆಮೇಲೆ ಬೀಳುವುದನ್ನೇ ಕಾಯುತ್ತಾರೆ. ಎರಡನೆಯ ಸಂಜೆಗೆ ಮರಿಯನ್ ಡೇವಿಸ್‌ಳ ‘ದಿ ಪ್ಯಾಟ್ಸಿ’ (1928). ಅದರಲ್ಲಿ ಅವಳು ಮೇ ಮರೇ, ಲಿಲಿಯನ್ ಗಿಶ್, ಪೋಲಾ ನೆಗ್ರಿ ಮೂವರನ್ನು ಅಣಕಿಸುತ್ತಾಳೆ. ಇಂದಿನವರಿಗೆ ಆ ಮುಖಗಳ ಪರಿಚಯವಿಲ್ಲ, ಶುರುವಿಗೆ ಮೂವರ ಚಿತ್ರಗಳನ್ನು ಹತ್ತು ಸೆಕೆಂಡಿನಂತೆ ತೋರಿಸಿದರೆ ಅಣಕ ತಾನಾಗಿ ದಕ್ಕುತ್ತದೆ. ಆಮೇಲೆ ಕಾಲೀನ್ ಮೂರ್. ಅವಳಿಗೆ ಹೆಸರು ತಂದ ‘ಫ್ಲೇಮಿಂಗ್ ಯೂತ್’ (1923) ತುಣುಕಿನಷ್ಟೇ ಉಳಿದಿದೆ, ‘ಎಲ್ಲಾ ಸಿಂಡರ್ಸ್’ (1926) ಸಿಗುತ್ತದೆ. ಒಂದು ಕಣ್ಣು ಒಂದು ಕಡೆ, ಇನ್ನೊಂದು ಮತ್ತೊಂದು ಕಡೆ ಹೊರಳುವ ಅದರ ಶಾಟ್ ಚೌಕಟ್ಟನ್ನು ಸೀಳಿ ಎರಡು ಸಲ ಚಿತ್ರಿಸಿದ್ದು. ‘ವೈ ಬಿ ಗುಡ್?’ (1929) ಚಿತ್ರಕ್ಕೆ ಚಿತ್ರದ ಜೊತೆಗೇ ಓಡಿಸುತ್ತಿದ್ದ ಅಂದಿನ ವೈಟಾಫೋನ್ ಧ್ವನಿ ಡಿಸ್ಕಿನ ಜಾಜ್ ಸಂಗೀತವೇ ಉಳಿದಿದೆ, ಅದನ್ನು ತೆಗೆಯುವ ಮಾತೇ ಇಲ್ಲ, ಆದ್ದರಿಂದ ವೇಗವನ್ನೂ ಬದಲಿಸುವಂತಿಲ್ಲ. ನಮ್ಮಲ್ಲೂ ಇಂಥ ಹುಡುಗಿ ಇದ್ದಳು: ‘ಟೈಪಿಸ್ಟ್ ಗರ್ಲ್’, ‘ಟೆಲಿಫೋನ್ ಗರ್ಲ್’ ಎರಡೂ 1926ರವು, ನಾಯಕಿ ಸುಲೋಚನಾ, ಅಂದರೆ ರೂಬಿ ಮೈಯರ್ಸ್, ಚಿತ್ರಕ್ಕೆ ಬರುವ ಮುಂಚೆ ತಾನೇ ಟೆಲಿಫೋನ್ ಆಪರೇಟರ್. ಆ ಎರಡೂ ಇಂದು ನೋಡಲು ಸಿಗುವುದಿಲ್ಲ; ಅವಳ ಸ್ಥಿರಚಿತ್ರಗಳು ಸಿಗುತ್ತವೆ, ಮಧ್ಯಂತರದಲ್ಲಿ ಪರದೆಯ ಮೇಲೆ ಅವನ್ನು ಹಾಕುತ್ತೇನೆ.