ಫಾಸ್ಟ್ ಲೀಡ್‌ಗೆ ಯಾವ ಗಿಟಾರ್ ನೆಕ್? ಮೊದಲು ನಿಮ್ಮ ಹೆಬ್ಬೆರಳು ನೋಡಿ

ಫಾಸ್ಟ್ ಲೀಡ್, ಅಂದರೆ ಒಂದೊಂದೇ ಸ್ವರದ ವೇಗದ ಸಾಲು, ನುಡಿಸಬೇಕು, ಯಾವ ಗಿಟಾರ್ ತಗೊಳ್ಳಲಿ ಅಂತ ಯಾರನ್ನೇ ಕೇಳಿ, ‘ತೆಳ್ಳಗಿನ ನೆಕ್ ಇರೋದು ತಗೊಳ್ಳಿ’ ಅನ್ನುತ್ತಾರೆ. ಈ ಮಾತು ಅರ್ಧ ಮಾತ್ರ ಸರಿ. ತೆಳ್ಳಗಿನ ನೆಕ್ (ತಂತಿ ಒತ್ತುವ ಕೈ ಹಿಡಿಯುವ ಉದ್ದನೆಯ ಭಾಗ) ಕೆಲವರ ಕೈಗೆ ನಿಜವಾಗಿಯೂ ವೇಗ ಕೊಡುತ್ತದೆ. ಇನ್ನು ಕೆಲವರು ಅದೇ ನೆಕ್ ಹಿಡಿದು ಕಾಲು ಗಂಟೆ ನುಡಿಸಿದರೆ ಹೆಬ್ಬೆರಳ ಬುಡ ಒತ್ತಿಕೊಂಡು ಕೂರಬೇಕಾಗುತ್ತದೆ. ಯಾರಿಗೆ ಯಾವುದು ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ತಂತಿ ಒತ್ತುವ ಕೈಯ ಹೆಬ್ಬೆರಳು. ಅದು ನುಡಿಸುವಾಗ ಎಲ್ಲಿ ಕೂರುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಈಗಲೇ ಕೈಯಲ್ಲಿರುವ ಯಾವುದಾದರೂ ಗಿಟಾರ್ ತಗೊಂಡು ನಿಮಗೆ ಚೆನ್ನಾಗಿ ಬರುವ ಒಂದು ಲೀಡ್ ನುಡಿಸಿ. ನಡುವೆ ಥಟ್ಟನೆ ನಿಲ್ಲಿಸಿ. ಹೆಬ್ಬೆರಳು ನೆಕ್ಕಿನ ಹಿಂಬದಿಯ ಮಧ್ಯದಲ್ಲಿ ಇದೆಯಾ, ಅಥವಾ ಮೇಲಿನ ಅಂಚಿನ ಮೇಲೆ ಇಣುಕುತ್ತಿದೆಯಾ? ಮಧ್ಯದಲ್ಲಿದ್ದರೆ ನಿಮ್ಮದು ಕ್ಲಾಸಿಕಲ್ ಗಿಟಾರ್‌ನವರ ಹಿಡಿತ. ಅಂಗೈ ನೆಕ್ಕಿಗೆ ತಾಗುವುದೇ ಇಲ್ಲ, ಬೆರಳುಗಳು ನೇರವಾಗಿ ಇಳಿಯುತ್ತವೆ, ಐದನೇ ಫ್ರೆಟ್‌ನಿಂದ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಒಂಬತ್ತನೇ ಫ್ರೆಟ್‌ವರೆಗೆ ಚಾಚುವುದು ಸುಲಭ. ಇಂಥವರಿಗೆ ತೆಳ್ಳಗಿನ, ಹಿಂಬದಿ ಚಪ್ಪಟೆಯಾದ ನೆಕ್ ಸೊಗಸಾಗಿ ಒಗ್ಗುತ್ತದೆ. ಹೆಬ್ಬೆರಳು ಮೇಲೆ ಇಣುಕುವವರು ಬ್ಲೂಸ್ ಕಡೆಯವರು. ಇವರಿಗೆ ಬೆಂಡ್ ಮಾಡುವಾಗ, ಅಂದರೆ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವಾಗ, ನೆಕ್ಕೇ ಆಧಾರ, ಅಂಗೈ ಅದನ್ನು ತಬ್ಬಿ ಹಿಡಿದಿರುತ್ತದೆ. ಅಲ್ಲಿ ತುಂಬಾ ತೆಳ್ಳಗಿನ ನೆಕ್ ಇದ್ದರೆ ಅಂಗೈಗೆ ಹಿಡಿಯಲು ಏನೂ ಸಿಗುವುದಿಲ್ಲ, ಆಗ ಹೆಬ್ಬೆರಳು ಬಟ್ಟೆಗೆ ಹಾಕುವ ಕ್ಲಿಪ್ ತರಹ ಒತ್ತಲು ಶುರು ಮಾಡುತ್ತದೆ. ಕೈ ನೋವು ಬರುವುದು ಅಲ್ಲಿಂದ. ಎರಡೂ ಹಿಡಿತ ಬೆರೆಸಿ ನುಡಿಸುವವರೇ ಜಾಸ್ತಿ, ಆದರೆ ವೇಗದ ಸಾಲು ಬಂದಾಗ ಹೆಬ್ಬೆರಳು ಯಾವ ಕಡೆ ಓಡುತ್ತದೆ ಅನ್ನುವುದೇ ಇಲ್ಲಿ ಲೆಕ್ಕಕ್ಕೆ ಬರುವುದು.

ಈಗ ಆಕಾರಗಳಿಗೆ ಬರೋಣ. ನೆಕ್ಕನ್ನು ಅಡ್ಡ ಕತ್ತರಿಸಿದರೆ ಕಾಣುವ ರೂಪಕ್ಕೆ ಇಂಗ್ಲಿಷ್ ಅಕ್ಷರಗಳ ಹೆಸರು ಕೊಟ್ಟಿದ್ದಾರೆ. ‘ಸಿ’ ಎಲ್ಲರಿಗೂ ಗೊತ್ತಿರುವ ಸಾಮಾನ್ಯ ದುಂಡು. ‘ಡಿ’ ಹಿಂಬದಿ ಚಪ್ಪಟೆ, ಬದಿಗಳು ತುಂಬಿಕೊಂಡಿರುತ್ತವೆ. ‘ಯು’ ದಪ್ಪ. ‘ವಿ’ಗೆ ಹಿಂದೆ ಒಂದು ಏಣು ಇರುತ್ತದೆ. ಇಷ್ಟು ಸಾಕು. ಯಾಕೆಂದರೆ ಒಂದು ಕಂಪನಿಯ ‘ಸಿ’ ಇನ್ನೊಂದು ಕಂಪನಿಯ ‘ಸಿ’ಯ ಹಾಗಿರುವುದಿಲ್ಲ, ಹೆಸರು ನೋಡಿ ಕೊಳ್ಳಬೇಡಿ. ದಪ್ಪ ಎಷ್ಟು, ಬದಿ ಎಷ್ಟು ತುಂಬಿದೆ, ಇವೆರಡು ನೋಡಿ. ಇದರಲ್ಲಿ ಎರಡನೆಯದನ್ನು ಜನ ಮರೆಯುತ್ತಾರೆ. ಎರಡು ನೆಕ್‌ಗಳ ದಪ್ಪ ಕ್ಯಾಲಿಪರ್‌ನಲ್ಲಿ ಒಂದೇ ಬಂದರೂ, ಬದಿಗಳನ್ನು ಕೆತ್ತಿ ಇಳಿಸಿದ ನೆಕ್ ಕೈಗೆ ಚಿಕ್ಕದು ಅನ್ನಿಸುತ್ತದೆ, ಬದಿ ತುಂಬಿದ್ದು ದೊಡ್ಡದು ಅನ್ನಿಸುತ್ತದೆ. ಚಿಕ್ಕ ಕೈಯವರಿಗೆ ಕೆಲವು ‘ತೆಳ್ಳಗಿನ’ ನೆಕ್‌ಗಳು ಯಾಕೆ ಹಲಗೆ ಹಿಡಿದ ಹಾಗೆ ಅನ್ನಿಸುತ್ತವೆ ಅನ್ನುವುದಕ್ಕೆ ಉತ್ತರ ಇದೇ.

ಅಂಕಿಗಳಲ್ಲಿ ಹೇಳುವುದಾದರೆ, ಐಬನೆಜ್‌ನ ವಿಝಾರ್ಡ್ 3 ನೆಕ್ ಮೊದಲ ಫ್ರೆಟ್ ಹತ್ತಿರ 19 ಮಿ.ಮೀ., ಹನ್ನೆರಡನೇ ಫ್ರೆಟ್ ಹತ್ತಿರ 21 ಮಿ.ಮೀ. ದಪ್ಪ. ಫೆಂಡರ್‌ನ ಮಾಡರ್ನ್ ಸಿ ಇದಕ್ಕಿಂತ ಹೆಚ್ಚು ಕಡಿಮೆ 2 ಮಿ.ಮೀ. ದಪ್ಪ. ಗಿಬ್ಸನ್‌ನ 50ರ ದಶಕದ ಶೈಲಿಯ ದುಂಡು ನೆಕ್ ಹನ್ನೆರಡನೇ ಫ್ರೆಟ್‌ನಲ್ಲಿ ಒಂದು ಇಂಚಿನ ಆಸುಪಾಸಿಗೆ ಹೋಗುತ್ತದೆ. ಎರಡು ಮಿ.ಮೀ. ಏನು ಮಹಾ ಅನ್ನಿಸಬಹುದು, ಕೈಗೆ ಮಾತ್ರ ಅದು ತಕ್ಷಣ ಗೊತ್ತಾಗುತ್ತದೆ.

ಹಾಗಂತ ಫಾಸ್ಟ್ ನುಡಿಸುವವರೆಲ್ಲ ವಿಝಾರ್ಡ್ ಹಿಡಿದಿಲ್ಲ. ಸ್ಟೀವ್ ವಾಯ್ 1987ರಿಂದ ಐಬನೆಜ್ ಜೆಮ್ ನುಡಿಸಿ ತೆಳ್ಳಗಿನ ನೆಕ್‌ಗೆ ಹೆಸರು ತಂದರು, ಸರಿ. ಆದರೆ ಎರಿಕ್ ಜಾನ್ಸನ್ ಹೆಸರಿನಲ್ಲಿ 2005ರಲ್ಲಿ ಫೆಂಡರ್ ತಂದ ಸ್ಟ್ರಾಟ್ (ಸ್ಟ್ರಾಟೊಕಾಸ್ಟರ್) ಗಿಟಾರ್‌ನಲ್ಲಿ ಇದ್ದದ್ದು ಸಾಫ್ಟ್ ವಿ ನೆಕ್. ಆ ಮನುಷ್ಯ ಎಷ್ಟು ವೇಗ ಅಂತ ಕೇಳಿದವರಿಗೆ ಹೇಳಬೇಕಾಗಿಲ್ಲ. ಎಡ್ಡಿ ವ್ಯಾನ್ ಹೇಲನ್ ಮ್ಯೂಸಿಕ್ ಮ್ಯಾನ್ ಕಂಪನಿಯ ಜೊತೆ ಮಾಡಿಸಿದ ಗಿಟಾರಿನ ನೆಕ್ಕಿನ ಎರಡು ಬದಿ ಒಂದೇ ಸಮ ಇರಲಿಲ್ಲ, ದಪ್ಪ ತಂತಿಯ ಕಡೆ ಸ್ವಲ್ಪ ತುಂಬಿಕೊಂಡಿತ್ತು, ಸಣ್ಣ ತಂತಿಯ ಕಡೆ ಇಳಿದಿತ್ತು. ಹೆಬ್ಬೆರಳಿಗೆ ಆಸರೆ, ಬೆರಳಿಗೆ ಜಾಗ. ನನ್ನ ಕೇಳಿದರೆ ಎಲ್ಲಕ್ಕಿಂತ ಬುದ್ಧಿವಂತ ಆಕಾರ ಇದೇ. ಯಾವ ಹಿಡಿತ ನಿಮ್ಮದು ಅಂತ ಇನ್ನೂ ಗೊತ್ತಾಗದಿದ್ದರೆ ಈ ತರಹದ್ದು, ಇಲ್ಲವೇ ತೆಳ್ಳಗಿನ ‘ಸಿ’ ತಗೊಳ್ಳಿ.

ಇನ್ನು ಫ್ರೆಟ್‌ಬೋರ್ಡಿನ, ಅಂದರೆ ಫ್ರೆಟ್‌ಗಳಿರುವ ಮುಂಬದಿಯ ಹಲಗೆಯ, ಉಬ್ಬು. ಇದನ್ನು ರೇಡಿಯಸ್ ಅನ್ನುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ಬೋರ್ಡ್ ಚಪ್ಪಟೆ. ಹಳೇ ಶೈಲಿಯ ಫೆಂಡರ್ 7.25 ಇಂಚು, ಈಗಿನ ಹಲವು ಫೆಂಡರ್‌ಗಳು 9.5, ಗಿಬ್ಸನ್ 12, ಐಬನೆಜ್ ವಿಝಾರ್ಡ್ 400 ಮಿ.ಮೀ. ಅಂದರೆ ಹೆಚ್ಚುಕಡಿಮೆ 16 ಇಂಚು. ಉಬ್ಬಿದ ಬೋರ್ಡಿನಲ್ಲಿ ಕಾರ್ಡ್ ಹಿಡಿಯುವುದು ಹಾಯಾಗಿರುತ್ತದೆ. ಆದರೆ ಅದರಲ್ಲಿ ತಂತಿಗಳನ್ನು ತೀರಾ ಕೆಳಗೆ ಇಳಿಸಿ ಹದಿನೈದನೇ ಫ್ರೆಟ್‌ನಲ್ಲಿ ದೊಡ್ಡ ಬೆಂಡ್ ಮಾಡಿ ನೋಡಿ, ತಂತಿ ಉಬ್ಬಿನ ಮೇಲೆ ಹತ್ತುವಾಗ ಮುಂದಿನ ಫ್ರೆಟ್‌ಗೆ ತಾಗಿ ಸ್ವರ ಸತ್ತುಹೋಗುತ್ತದೆ. ಲೀಡ್ ನುಡಿಸುವವರಿಗೆ ಇದರಷ್ಟು ಸಿಟ್ಟು ತರಿಸುವ ವಿಷಯ ಇನ್ನೊಂದಿಲ್ಲ. ಅದಕ್ಕೇ 12 ಇಂಚಿಗಿಂತ ಕಡಿಮೆ ಬೇಡ ಅಂತ ನನ್ನ ಸಲಹೆ. ಜ್ಯಾಕ್ಸನ್, ಶಾರ್ವೆಲ್‌ಗಳಲ್ಲಿ ಬರುವ 12ರಿಂದ 16 ಇಂಚಿನ ಕಾಂಪೌಂಡ್ ರೇಡಿಯಸ್ ಇನ್ನೂ ಒಳ್ಳೇದು: ಕೆಳಗೆ ಸ್ವಲ್ಪ ದುಂಡು, ಮೇಲಿನ ಫ್ರೆಟ್‌ಗಳ ಕಡೆ ಹೋದಂತೆ ಚಪ್ಪಟೆ.

ಕರ್ನಾಟಕ ಸಂಗೀತವನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸುವ ಪ್ರಸನ್ನ ಅವರ ವಾದನ ಕೇಳಿ ಆ ದಾರಿ ಹಿಡಿದವರು ನಮ್ಮಲ್ಲಿ ಇದ್ದಾರೆ. ಇಂಥವರ ಲೆಕ್ಕ ಸ್ವಲ್ಪ ಬೇರೆ. ಕಂಪಿತಕ್ಕೆ ತಂತಿ ಎಳೆದು ಆಡಿಸಬೇಕು, ಅದಕ್ಕೆ ಎತ್ತರದ ಫ್ರೆಟ್ ಬೇಕು, ಬೆರಳು ತಂತಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ‘ಜಾರು’ ಗಮಕಕ್ಕೆ, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಕ್ಕೆ, ಅದೇ ಎತ್ತರದ ಫ್ರೆಟ್ ಅಡ್ಡಿ, ಒಂದೊಂದು ಫ್ರೆಟ್ ದಾಟುವಾಗಲೂ ರಸ್ತೆ ಉಬ್ಬಿನ ಹಾಗೆ ಬೆರಳಿಗೆ ತಾಗುತ್ತದೆ. ಹಾಗಾಗಿ ಅಗಲ ಜಾಸ್ತಿ, ಎತ್ತರ ಮಧ್ಯಮ ಇರುವ ಫ್ರೆಟ್ ನೋಡಿ. ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್ ಸಿಕ್ಕರೆ ಇನ್ನೂ ಚೆನ್ನ, ನುಣ್ಣಗೆ ಜಾರುತ್ತದೆ, ಬೇಗ ಸವೆಯುವುದೂ ಇಲ್ಲ. ಬೋರ್ಡನ್ನೇ ಫ್ರೆಟ್‌ಗಳ ನಡುವೆ ತೋಡಿಸಿ ಸ್ಕ್ಯಾಲಪ್ ಮಾಡಿಸುವುದು, ಗಿಟಾರ್ ವಾದಕ ಮಾಲ್ಮ್‌ಸ್ಟೀನ್ ತರಹ, ಗಮಕಕ್ಕೆ ಸೊಗಸು. ಆದರೆ ಒಂದು ಚೂರು ಜಾಸ್ತಿ ಒತ್ತಿದರೂ ಶ್ರುತಿ ಏರುತ್ತದೆ. ಮೊದಲ ಗಿಟಾರ್‌ಗೆ ಬೇಡ.

ನಟ್, ಅಂದರೆ ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಗೀರುಗಳಿರುವ ಪಟ್ಟಿ, ಅದರ ಅಗಲವನ್ನೂ ಒಮ್ಮೆ ನೋಡಿಕೊಳ್ಳಿ. 42, 43 ಮಿ.ಮೀ. ಸಾಮಾನ್ಯ. ಯಮಹಾ ಪೆಸಿಫಿಕಾ 112 ಒಳ್ಳೇ ಗಿಟಾರ್, ಅದರ ನಟ್ 41. ದಪ್ಪ ಬೆರಳಿನವರು ನುಡಿಸಿ ನೋಡಿಯೇ ತಗೊಳ್ಳಿ.

ಹಿಂಬದಿಯ ಪಾಲಿಶ್ ಬಗ್ಗೆ ಜನ ಯೋಚಿಸುವುದು ಕಡಿಮೆ, ನನಗೆ ಮಾತ್ರ ಇದು ಆಕಾರಕ್ಕಿಂತ ಮುಖ್ಯ ಅನ್ನಿಸುತ್ತದೆ. ಮಂಗಳೂರಿನ ಸೆಖೆಯಲ್ಲಿ, ಬೆವರಿದ ಕೈಯಲ್ಲಿ, ಮಿರಮಿರ ಮಿಂಚುವ ಗ್ಲಾಸಿ ಫಿನಿಶ್ ನೆಕ್ ಅಂಟಿಕೊಳ್ಳುತ್ತದೆ. ಕೈ ಮೇಲೆ ಕೆಳಗೆ ಓಡಬೇಕಾದಾಗ ಅಂಟು ಅಂಟು ಆದರೆ ಎಂಥ ತೆಳ್ಳಗಿನ ನೆಕ್ ಇದ್ದರೂ ಏನು ಬಂತು? ಸ್ಯಾಟಿನ್ ಅಥವಾ ಎಣ್ಣೆ ಹಚ್ಚಿದ ಫಿನಿಶ್ ಹುಡುಕಿ. ಈಗಾಗಲೇ ಗ್ಲಾಸಿ ನೆಕ್ ಇದ್ದರೆ ಹೊಸ ಗಿಟಾರ್ ಬೇಕಿಲ್ಲ. ನಾಲ್ಕು ಸೊನ್ನೆಯ ಸ್ಟೀಲ್ ವುಲ್ ತಗೊಂಡು ಹಿಂಬದಿಯನ್ನು ಉದ್ದಕ್ಕೆ ಹಗುರವಾಗಿ ಉಜ್ಜಿ, ಹೊಳಪು ಹೋಗಿ ಮಂಕಾದರೆ ಸಾಕು, ಮರ ಕಾಣುವ ತನಕ ಹೋಗಬೇಡಿ. ಶುರು ಮಾಡುವ ಮುಂಚೆ ಪಿಕಪ್‌ಗಳ (ತಂತಿಯ ಕಂಪನ ಹಿಡಿಯುವ ಭಾಗ) ಮೇಲೆ ಟೇಪ್ ಅಂಟಿಸಿ, ಇಲ್ಲದಿದ್ದರೆ ಸ್ಟೀಲ್ ಪುಡಿ ಹೋಗಿ ಆಯಸ್ಕಾಂತಕ್ಕೆ ಹಿಡಿದುಕೊಳ್ಳುತ್ತದೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ ತರಬೇಡಿ, ಗೀರು ಬೀಳುತ್ತದೆ. ಹಳೆಯ ದುಬಾರಿ ಗಿಟಾರ್‌ಗೆ ಇದೆಲ್ಲ ಮಾಡಲೇಬೇಡಿ.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಹೇಗೆ? ಮೊದಲಿಗೆ, ಸೆಟಪ್ (ತಂತಿಯ ಎತ್ತರ, ನೆಕ್ಕಿನ ಬಾಗು ಇವುಗಳ ಹೊಂದಿಕೆ) ಕೆಟ್ಟಿರುವ ಗಿಟಾರಿನ ಮೇಲೆ ನೆಕ್ ತೀರ್ಪು ಕೊಡಬೇಡಿ. ಹನ್ನೆರಡನೇ ಫ್ರೆಟ್‌ನಲ್ಲಿ ಸಣ್ಣ ತಂತಿಯ ಕೆಳಗೆ 1.5 ಮಿ.ಮೀ., ದಪ್ಪ ತಂತಿಯ ಕೆಳಗೆ 2 ಮಿ.ಮೀ. ಆಸುಪಾಸು ಇರಲಿ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ತಿರ ನೋಡಿದರೆ ಕೂದಲೆಳೆಯಷ್ಟು ಸಂದು, ಸುಮಾರು 0.2 ಮಿ.ಮೀ., ಕಾಣಬೇಕು. ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಕಂಬಿ) ಸರಿ ಮಾಡಿಕೊಡಿ ಅಂತ ಕೇಳಿ, ಮಾಡಿಕೊಡದಿದ್ದರೆ ಬೇರೆ ಅಂಗಡಿ ನೋಡಿ. ಆಮೇಲೆ ಆಂಪ್ ಇಲ್ಲದೆ, ನಿಂತುಕೊಂಡು, ಸ್ಟ್ರಾಪ್ ಹಾಕಿಕೊಂಡು ನುಡಿಸಿ. ಕೂತು ನುಡಿಸಿದರೆ ಮಣಿಕಟ್ಟಿನ ಕೋನವೇ ಬೇರೆ. ಎರಡು ನಿಮಿಷದಲ್ಲಿ ಎಲ್ಲ ನೆಕ್ಕೂ ಚೆನ್ನಾಗಿಯೇ ಅನ್ನಿಸುತ್ತದೆ, ಅದರಲ್ಲೂ ತೆಳ್ಳಗಿನದು. ಕಾಲು ಗಂಟೆ ಬಿಡದೆ ನುಡಿಸಿ, ನಿಮಗೆ ಬರುವ ಅತಿ ವೇಗದ ಸಾಲು, ಕಿರುಬೆರಳು ದೂರ ಚಾಚುವ ಸಾಲು, ಒಂದಿಷ್ಟು ದೊಡ್ಡ ಬೆಂಡ್, ಕೊನೆಗೆ ಇಪ್ಪತ್ತನೇ ಫ್ರೆಟ್‌ಗಿಂತ ಮೇಲೆ ಏನಾದರೂ. ಮೇಲೆ ಹೋದಾಗ ನೆಕ್ ಬಾಡಿಗೆ ಸೇರುವ ಜಾಗ ಅಂಗೈಗೆ ಗುದ್ದುತ್ತದಾ ನೋಡಿ, ಅಲ್ಲಿ ಕೈ ತಡೆದರೆ ನೆಕ್ ಆಕಾರ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಹೆಬ್ಬೆರಳ ಬುಡದಲ್ಲಿ ಉರಿ ಬಂದರೆ ಆ ನೆಕ್ ನಿಮಗೆ ತುಂಬಾ ತೆಳ್ಳಗಾಯಿತು. ಕಿರುಬೆರಳು ಮುಟ್ಟಲು ಒದ್ದಾಡಿ ಮಣಿಕಟ್ಟು ಸೊಟ್ಟಗಾದರೆ ದಪ್ಪವಾಯಿತು, ಇಲ್ಲವೇ ಬದಿ ತುಂಬಿದೆ.

ತೆಳ್ಳಗಿನ ನೆಕ್ಕೇ ನಿಮ್ಮದು ಅಂತ ಖಾತ್ರಿಯಾದರೆ ಇನ್ನೊಂದು ವಿಷಯ. ಮರ ಕಡಿಮೆ ಇರುವುದರಿಂದ ಹವಾಮಾನಕ್ಕೆ ಅದು ಬೇಗ ಬಾಗುತ್ತದೆ. ಕರಾವಳಿಯ ಮಳೆಗಾಲಕ್ಕೆ ಒಂದು ರೀತಿ, ಕಲಬುರಗಿಯ ಬೇಸಿಗೆಗೆ ಇನ್ನೊಂದು ರೀತಿ. ಹಲವು ಮರದ ಪಟ್ಟಿ ಜೋಡಿಸಿ ಅಂಟಿಸಿದ ನೆಕ್ ಅಥವಾ ಹುರಿದ ಮೇಪಲ್ ಮರದ್ದು ಆದರೆ ತಕ್ಕಮಟ್ಟಿಗೆ ತಡೆಯುತ್ತದೆ. ಯಾವುದಾದರೂ ಸರಿ, ಋತು ಬದಲಾದಾಗ ಟ್ರಸ್ ರಾಡ್ ನೋಡಿ, ತಿರುಗಿಸುವುದಾದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ.

ಗಿಟಾರ್ ಇಷ್ಟ, ನೆಕ್ ಮಾತ್ರ ಒಗ್ಗಲಿಲ್ಲ ಅನ್ನುವವರು ಮಾರುವ ಮುಂಚೆ ಹಿಂದೆ ತಿರುಗಿಸಿ ನೋಡಿ. ನಾಲ್ಕು ಸ್ಕ್ರೂ ಇದ್ದರೆ ನೆಕ್ ಬದಲಾಯಿಸಬಹುದು. ಅಮೆರಿಕದ ವಾರ್ಮತ್ ಕಂಪನಿಯಂಥವರು ಫೆಂಡರ್ ಬಾಡಿಗೆ ಕೂರುವ ನೆಕ್‌ಗಳನ್ನು ಬೇರೆ ಬೇರೆ ಆಕಾರದಲ್ಲಿ ಮಾಡಿಕೊಡುತ್ತಾರೆ. ಅಮೆರಿಕದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸೇರಿ ಬೆಲೆ ಏರುತ್ತದೆ, ಮೊದಲೇ ಲೆಕ್ಕ ಹಾಕಿ. ಆರ್ಡರ್ ಮಾಡುವ ಮುಂಚೆ ಬಾಡಿಯಲ್ಲಿ ನೆಕ್ ಕೂರುವ ಗುಂಡಿಯ ಅಗಲ ಅಳೆಯಿರಿ, ಫೆಂಡರ್ ಅಳತೆಯಲ್ಲಿ ಅದು ಸುಮಾರು 56 ಮಿ.ಮೀ. ಐಬನೆಜ್ ನೆಕ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಂತ ಸುಮ್ನೆ ಕೊಂಡುಬಿಡಬೇಡಿ, ಅದರ ಬುಡದ ಆಕಾರವೇ ಬೇರೆ, ಸ್ಟ್ರಾಟ್ ಬಾಡಿಯಲ್ಲಿ ಹಾಗೇ ಕೂರುವುದಿಲ್ಲ.