ಹೊಟ್ಟೆಯೊಳಗೆ ಮೂತ್ರ ಸೋರಿದರೆ: ನಾಯಿ, ಬೆಕ್ಕುಗಳಲ್ಲಿ ಪತ್ತೆ ಮತ್ತು ಚಿಕಿತ್ಸೆ

ಗಾಡಿ ಗುದ್ದಿದ ನಾಯಿ ಮೂತ್ರ ಮಾಡಿತು ಎಂದ ಮಾತ್ರಕ್ಕೆ ಮೂತ್ರಚೀಲ ಸರಿಯಿದೆ ಎಂದುಕೊಳ್ಳಬೇಡಿ. ಚೀಲ ಹರಿದಿದ್ದರೂ ಒಂದಿಷ್ಟು ಹೊರಗೆ ಬರಬಹುದು. ಕಿಡ್ನಿಯಿಂದ ಚೀಲಕ್ಕೆ ಬರುವ ಮೂತ್ರನಾಳ ಒಂದೇ ಬದಿಯಲ್ಲಿ ಹರಿದಿದ್ದರಂತೂ ಎಂದಿನಂತೆಯೇ ಮಾಡೀತು. ವಾಂತಿ, ಮಂಕು, ಹೊಟ್ಟೆನೋವು, ಹೊಟ್ಟೆಯುಬ್ಬರ ಕಾಣಿಸಲು ಒಂದೆರಡು ದಿನ ಹಿಡಿಯುವುದುಂಟು. ಮೂತ್ರ ಕಟ್ಟಿದ ಗಂಡು ಬೆಕ್ಕಿಗೆ ಒತ್ತಿ ಕ್ಯಾತಿಟರ್ (ಮೂತ್ರ ತೆಗೆಯುವ ಸಣ್ಣ ಕೊಳವೆ) ತೂರಿಸಿದಾಗಲೂ ಹೀಗೆ ಹರಿಯಬಹುದು.

ಸ್ಕ್ಯಾನಿನಲ್ಲಿ ದ್ರವ ಕಂಡರೆ ಸೂಜಿಯಿಂದ ತೆಗೆಯಿರಿ, ಅದೇ ಹೊತ್ತಿಗೆ ರಕ್ತವನ್ನೂ ತೆಗೆಯಿರಿ. ದ್ರವದ ಕ್ರಿಯಾಟಿನಿನ್ (ಮೂತ್ರದಲ್ಲಿ ಹೊರಹೋಗುವ ಒಂದು ತ್ಯಾಜ್ಯ) ರಕ್ತದ್ದಕ್ಕಿಂತ 2 ಪಟ್ಟು ಮೀರಿದ್ದರೆ, ಪೊಟ್ಯಾಸಿಯಂ ನಾಯಿಯಲ್ಲಿ 1.4 ಪಟ್ಟು, ಬೆಕ್ಕಿನಲ್ಲಿ 1.9 ಪಟ್ಟು ಮೀರಿದ್ದರೆ ಅದು ಮೂತ್ರವೇ. ಯೂರಿಯಾ ನೋಡಿ ತೀರ್ಮಾನಿಸಬೇಡಿ. ಅದರ ಅಣು ಚಿಕ್ಕದು, ಬೇಗ ರಕ್ತಕ್ಕೆ ಇಳಿದು ಎರಡೂ ಕಡೆ ಸಮವಾಗಿಬಿಡುತ್ತದೆ. ಸೋಂಕು ಇದೆಯೇ ತಿಳಿಯಲು ದ್ರವವನ್ನು ಕಲ್ಚರಿಗೂ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕಳಿಸಿ.

ಇಲ್ಲಿ ಆಗುವ ದೊಡ್ಡ ತಪ್ಪು ಶಸ್ತ್ರಚಿಕಿತ್ಸೆಗೆ ಆತುರಪಡುವುದು. ಪ್ರಾಣ ತೆಗೆಯುವುದು ತೂತಲ್ಲ, ಸೋರಿದ ಮೂತ್ರದಿಂದ ರಕ್ತದಲ್ಲಿ ಏರಿದ ಪೊಟ್ಯಾಸಿಯಂ. ಆ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟರೆ ಹೃದಯ ನಿಂತೀತು. ಇಸಿಜಿಯಲ್ಲಿ ಚೂಪಾದ ಟಿ ಅಲೆ, ಕಾಣೆಯಾದ ಪಿ ಅಲೆ, ನಿಧಾನವಾದ ಬಡಿತ ಕಂಡರೆ 10% ಕ್ಯಾಲ್ಸಿಯಂ ಗ್ಲುಕೋನೇಟನ್ನು ಕೆಜಿಗೆ 0.5ರಿಂದ 1.5 ಮಿಲಿಯಂತೆ 10 ನಿಮಿಷಕ್ಕೂ ಮೇಲ್ಪಟ್ಟು, ಇಸಿಜಿ ನೋಡುತ್ತಲೇ ಕೊಡಿ. ಇದು ಹೃದಯವನ್ನು ಅರ್ಧ ಗಂಟೆಯ ಮಟ್ಟಿಗೆ ಕಾಯುತ್ತದೆಯೇ ಹೊರತು ಪೊಟ್ಯಾಸಿಯಂ ಇಳಿಸುವುದಿಲ್ಲ. ಇಳಿಸಲು ಡ್ರಿಪ್ ಬೇಕು, ಅಗತ್ಯಬಿದ್ದರೆ ಡೆಕ್ಸ್ಟ್ರೋಸ್ ಜೊತೆಗೆ ರೆಗ್ಯುಲರ್ ಇನ್ಸುಲಿನ್ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮೂತ್ರ ಹೊರಹೋಗಬೇಕು: ಮೂತ್ರಚೀಲಕ್ಕೊಂದು ಕ್ಯಾತಿಟರ್, ಹೊಟ್ಟೆಗೊಂದು ಡ್ರೈನ್ (ದ್ರವ ಹರಿಸುವ ಕೊಳವೆ). ಹೀಗೆ 12ರಿಂದ 24 ಗಂಟೆ ಸುಧಾರಿಸಿಕೊಂಡ ಪ್ರಾಣಿ ಅರಿವಳಿಕೆಯನ್ನು ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತದೆ.

ಅಷ್ಟರಲ್ಲಿ ಸೋರುವ ಜಾಗ ಹುಡುಕಿ. ಕ್ಯಾತಿಟರ್ ಮೂಲಕ ಅಯೋಡಿನ್ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ತುಂಬಿ ಎಕ್ಸ್‌ರೇ ತೆಗೆದರೆ ಚೀಲ, ಕೆಳಗಿನ ಮೂತ್ರದ್ವಾರನಾಳ ಎರಡೂ ತಿಳಿಯುತ್ತವೆ. ಬೇರಿಯಂ ಬೇಡವೇ ಬೇಡ, ಹೊಟ್ಟೆಗೆ ಸೋರಿದರೆ ಉರಿಯೂತ ತರುತ್ತದೆ. ಮೇಲಿನ ಮೂತ್ರನಾಳಗಳಿಗೆ ರಕ್ತನಾಳದ ಮೂಲಕ ಕಾಂಟ್ರಾಸ್ಟ್ ಕೊಟ್ಟು ನೋಡಬೇಕು.

ಚಿಕ್ಕ ತೂತಾದರೆ ಕೆಲವು ದಿನ ಕ್ಯಾತಿಟರ್ ಇಟ್ಟು ಚೀಲವನ್ನು ಖಾಲಿಯಾಗಿಟ್ಟರೂ ಮುಚ್ಚಿಕೊಳ್ಳಬಹುದು. ದೊಡ್ಡದಾದರೆ ಸತ್ತ ಅಂಚು ಕತ್ತರಿಸಿ, ಕರಗುವ ಒಂಟಿ ಎಳೆಯ ದಾರದಿಂದ ಹೊಲಿದು, ಸಲೈನ್ ತುಂಬಿ ಸೋರುತ್ತದೆಯೇ ನೋಡಿ. ಕಪ್ಪಾದ ಅಂಚನ್ನು ಉಳಿಸಿ ಹೊಲಿದರೆ ಅಲ್ಲೇ ಮತ್ತೆ ಬಿರಿಯುತ್ತದೆ.

ಆಮೇಲೆ ಮೂತ್ರವನ್ನು ಅಳೆಯುತ್ತಿರಿ. ಗಂಟೆಗೆ ಕೆಜಿಗೆ 1 ಮಿಲಿಗಿಂತ ಇಳಿದರೆ ಮೊದಲು ಕ್ಯಾತಿಟರ್ ಮಡಚಿದೆಯೇ, ಕಟ್ಟಿದೆಯೇ ನೋಡಿ. ಅದು ಸರಿಯಿದ್ದು ಹೊಟ್ಟೆಯಲ್ಲಿ ಮತ್ತೆ ದ್ರವ ಸೇರುತ್ತಿದ್ದರೆ ಕ್ರಿಯಾಟಿನಿನ್ ಹೋಲಿಕೆಯನ್ನು ಮತ್ತೊಮ್ಮೆ ಮಾಡಿ.