ಮ್ಯಾಕ್ ಬೈಂಡಿಂಗ್ ಇರುವ ಸಂಪರ್ಕಕ್ಕೆ ಮನೆಯ ರೂಟರ್ ಜೋಡಿಸುವ ಕ್ರಮ

ಲ್ಯಾಪ್‌ಟಾಪಿಗೆ ನೇರವಾಗಿ ಕೇಬಲ್ ಹಾಕಿದರೆ ಇಂಟರ್ನೆಟ್ ಬರುತ್ತದೆ, ಅದೇ ಕೇಬಲನ್ನು ಹೊಸ ರೂಟರಿಗೆ ಹಾಕಿ ಯೂಸರ್‌ನೇಮ್, ಪಾಸ್‌ವರ್ಡ್‌ಗಳನ್ನು ಸರಿಯಾಗಿ ಕೊಟ್ಟರೂ ಬರುವುದಿಲ್ಲ ಎಂದಾದರೆ, ಸೇವೆ ಒದಗಿಸುವವರು ನಿಮ್ಮ ಖಾತೆಯನ್ನು ಆ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸಕ್ಕೆ (ಜಾಲಕ್ಕೆ ಸೇರುವ ಸಾಧನದ ಗುರುತಿನ ಸಂಖ್ಯೆ) ಕಟ್ಟಿರುವ ಸಾಧ್ಯತೆ ಹೆಚ್ಚು. ಇದನ್ನೇ ಮ್ಯಾಕ್ ಬೈಂಡಿಂಗ್ ಎನ್ನುತ್ತಾರೆ.

ಮೊದಲು ಕಸ್ಟಮರ್ ಕೇರ್‌ಗೆ ಕರೆ ಮಾಡಿ, ಹಳೆಯ ವಿಳಾಸವನ್ನು ತೆಗೆದು ರೂಟರಿನ ವಿಳಾಸವನ್ನು ನೋಂದಾಯಿಸುವಂತೆ ಕೇಳಿರಿ. ನೇರವಾದ ದಾರಿ ಇದೇ. ಮುಂದೆ ಲ್ಯಾಪ್‌ಟಾಪ್ ಬದಲಾದರೂ ತೊಂದರೆಯಾಗದು. ಆದರೆ ಯಾವ ವಿಳಾಸವನ್ನು ಓದಿ ಹೇಳುತ್ತೀರಿ ಎಂಬುದರಲ್ಲಿ ಎಚ್ಚರ ಬೇಕು. ಮ್ಯಾಕ್ ವಿಳಾಸವೆಂದರೆ ಎರಡೆರಡರ ಆರು ಜೋಡಿಗಳಲ್ಲಿ ಬರೆಯುವ 12 ಅಂಕಿ-ಅಕ್ಷರಗಳು. ರೂಟರಿನ ತಳದ ಸ್ಟಿಕರ್‌ನಲ್ಲಿ ಅಚ್ಚಾಗಿರುವುದು ಎಷ್ಟೋ ಮಾದರಿಗಳಲ್ಲಿ ಲ್ಯಾನ್ ಬದಿಯ, ಅಂದರೆ ಮನೆಯೊಳಗಿನ ಜಾಲದ ಬದಿಯ, ವಿಳಾಸವಾಗಿದ್ದು, ಹೊರಗಿನ ಕೇಬಲ್ ಸೇರುವ ವ್ಯಾನ್ ಪೋರ್ಟಿನ ವಿಳಾಸ ಕೊನೆಯ ಒಂದು ಅಂಕಿಯಲ್ಲಿ ಮಾತ್ರ ಬೇರೆಯಾಗಿರುತ್ತದೆ. ಸ್ಟಿಕರ್ 4ಎ ಎಂದು ಮುಗಿದರೆ ವ್ಯಾನ್ ವಿಳಾಸ 4ಬಿ ಆಗಿರಬಹುದು. ಆದ್ದರಿಂದ ರೂಟರಿನ ಸ್ಟೇಟಸ್ ಪುಟವನ್ನು ತೆರೆದು, ವ್ಯಾನ್ ಅಥವಾ ಇಂಟರ್ನೆಟ್ ಶೀರ್ಷಿಕೆಯ ಕೆಳಗಿರುವುದನ್ನೇ ಕೊಡಿರಿ.

ನೋಂದಣಿ ತಡವಾಗುವುದಾದರೆ, ಒಪ್ಪಂದದಲ್ಲಿ ರೂಟರ್ ಬಳಸಲು ಅಡ್ಡಿಯಿಲ್ಲವೆಂದು ಖಚಿತಪಡಿಸಿಕೊಂಡು ಮ್ಯಾಕ್ ಕ್ಲೋನ್ ಬಳಸಬಹುದು, ಅಂದರೆ ರೂಟರ್ ತನ್ನದರ ಬದಲು ಲ್ಯಾಪ್‌ಟಾಪಿನ ವಿಳಾಸವನ್ನೇ ನಕಲು ಮಾಡಿ ತೋರಿಸುವಂತೆ ಮಾಡಬಹುದು. ನೋಂದಾಯಿತ ಲ್ಯಾಪ್‌ಟಾಪನ್ನು ರೂಟರಿನ ಲ್ಯಾನ್ ಪೋರ್ಟಿಗೆ ಕೇಬಲ್ಲಿನಿಂದಲೇ ಜೋಡಿಸಿ, ಬ್ರೌಸರಿನಲ್ಲಿ 192.168.0.1 ಅಥವಾ 192.168.1.1 ತೆರೆದು, ಇಂಟರ್ನೆಟ್ ಸೆಟ್ಟಿಂಗ್‌ನೊಳಗಿನ ಮ್ಯಾಕ್ ಕ್ಲೋನ್ ಆಯ್ಕೆಯನ್ನು ಒತ್ತಿ ಸೇವ್ ಮಾಡಿರಿ. ಈ ಕೆಲಸವನ್ನು ವೈಫೈ ಮೂಲಕ ಮಾಡಬಾರದು: ಲ್ಯಾಪ್‌ಟಾಪಿನ ವೈಫೈಗೂ ಈಥರ್ನೆಟ್ ಪೋರ್ಟಿಗೂ ಬೇರೆ ಬೇರೆ ವಿಳಾಸಗಳಿರುವುದರಿಂದ, ನೋಂದಣಿಯಲ್ಲಿ ಇಲ್ಲದ ವಿಳಾಸ ನಕಲಾಗಿಬಿಡುತ್ತದೆ. ಆಂಡ್ರಾಯ್ಡ್ 10 ಮತ್ತು ಅದರ ನಂತರದ ಫೋನುಗಳಂತೂ ವೈಫೈಗೆ ಸಾಮಾನ್ಯವಾಗಿ ತಮ್ಮ ನಿಜವಾದ ವಿಳಾಸವನ್ನಲ್ಲ, ಯಾದೃಚ್ಛಿಕವಾಗಿ ರಚಿಸಿದ ವಿಳಾಸವನ್ನೇ ತೋರಿಸುತ್ತವೆ.

ಸೇವ್ ಆದ ಮೇಲೆ ರೂಟರನ್ನೂ, ಮೋಡೆಮ್ ಇದ್ದರೆ ಅದನ್ನೂ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಮೊದಲು ಮೋಡೆಮ್, ಆಮೇಲೆ ರೂಟರ್ ಆನ್ ಮಾಡಿರಿ. ಕ್ಲೋನ್ ಮಾಡಿರುವಾಗ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಇರುವ ಜಾಲವನ್ನೇ ವೈಫೈ ಮೂಲಕ ಹಂಚುವ ಬಗೆ) ಬದಲಿಸದಿರಿ; ಆಗ ರೂಟರೂ ಲ್ಯಾಪ್‌ಟಾಪೂ ಒಂದೇ ಜಾಲಕ್ಕೆ ಸೇರುತ್ತವೆ. ಒಂದೇ ಜಾಲದಲ್ಲಿ ಎರಡು ಸಾಧನಗಳಿಗೆ ಒಂದೇ ವಿಳಾಸವಾದರೆ ಸಂಪರ್ಕ ಪದೇ ಪದೇ ಕಡಿಯುತ್ತದೆ.

ಫೈಬರ್ ಸಂಪರ್ಕದಲ್ಲಿ ಸಾಮಾನ್ಯವಾಗಿ ಪರಿಶೀಲನೆಯಾಗುವುದು ಓಎನ್‌ಟಿ ಪೆಟ್ಟಿಗೆಯ, ಅಂದರೆ ಮನೆಯಲ್ಲಿ ಫೈಬರ್ ತಂತಿ ಬಂದು ಸೇರುವ ಪೆಟ್ಟಿಗೆಯ, ಸೀರಿಯಲ್ ನಂಬರ್. ಅಲ್ಲಿ ಆ ಪೆಟ್ಟಿಗೆಯನ್ನು ಹಾಗೆಯೇ ಉಳಿಸಿಕೊಂಡು, ಅದರ ಲ್ಯಾನ್ ಪೋರ್ಟಿನಿಂದ ನಿಮ್ಮ ರೂಟರಿನ ವ್ಯಾನ್ ಪೋರ್ಟಿಗೆ ಕೇಬಲ್ ಎಳೆಯುವುದೇ ಸರಿ.